ಡಯಾನಾ ತರದ ಟಾಫೆಟಾ ಗೌನೇ ಬೇಕಂತೆ, ಹೊಲಿಯಲಾ ಬೇಡ್ವಾ?

ಕುಡ್ಲದ_ಸೂಜಿ
ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ 19 ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಜಾಸ್ತಿ ಬರುವುದು ಇಗರ್ಜಿ (ಚರ್ಚ್) ಮದುವೆಯ ಗೌನ್‌ಗಳು. ನನ್ನ ಜೊತೆ ಇಬ್ಬರು ಹುಡುಗಿಯರು ಇದ್ದಾರೆ.

ಮೊನ್ನೆ ಒಬ್ಬಳು ಮದುಮಗಳು ಅಮ್ಮನ ಜೊತೆ ಬಂದಳು. ಮದುವೆ ಜನವರಿಯಲ್ಲಿ. ಮೊಬೈಲ್ ತೆಗೆದು ಬ್ರಿಟನ್ ರಾಜಕುಮಾರಿ ಡಯಾನಾಳ 1981ರ ಮದುವೆ ಫೋಟೋ ತೋರಿಸಿದಳು. ಅದೇ ಉಬ್ಬಿದ ತೋಳು, ಅದೇ ಫ್ರಿಲ್, ಅದೇ ಟಾಫೆಟಾ (ಗರಿಗರಿ ನಿಲ್ಲುವ ಬಟ್ಟೆ) ಬೇಕಂತೆ. ಗೌನಿನ ಹಿಂದೆ ನೆಲದ ಮೇಲೆ ಹರಡಿಕೊಂಡು ಬರುವ ಟ್ರೇನ್ ಮಾತ್ರ ಡಯಾನಾದಷ್ಟು 25 ಅಡಿ ಬೇಡ, 9 ಅಡಿ ಸಾಕಂತೆ.

ನನಗೆ ಭಯ ಇರುವುದು ಸುಕ್ಕಿನದ್ದು. 2009ರಲ್ಲಿ ಒಂದು ಟಾಫೆಟಾ ಗೌನ್ ಹೊಲಿದಿದ್ದೆ. ರಾತ್ರಿ ಎರಡು ಗಂಟೆವರೆಗೆ ಕೂತು ಇಸ್ತ್ರಿ ಹಾಕಿ ಕೊಟ್ಟಿದ್ದೆ. ಹುಡುಗಿ ಮನೆಯಿಂದ ಇಗರ್ಜಿಗೆ ಮುಕ್ಕಾಲು ಗಂಟೆ ಕಾರಲ್ಲಿ ಕೂತು ಬಂದಳು. ಇಳಿದಾಗ ಬೆನ್ನ ಹಿಂದೆ, ಸೊಂಟದ ಕೆಳಗೆ, ಬಟ್ಟೆ ಮುದ್ದೆ ಮಾಡಿದ ಪೇಪರ್ ತರ ಆಗಿತ್ತು. ಅವಳ ಅತ್ತೆ ಎಲ್ಲರ ಎದುರು "ಇಸ್ತ್ರಿ ಹಾಕಲೂ ಸಮಯ ಇರಲಿಲ್ವಾ ನಿಮಗೆ" ಅಂದುಬಿಟ್ಟರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಡಯಾನಾ ಗೌನ್ ಕೂಡ ಹಾಗೇ ಆಯಿತಲ್ವಾ? ಅಷ್ಟು ದೊಡ್ಡ ಡಿಸೈನರ್‌ಗಳಿಗೇ ಅದನ್ನು ತಪ್ಪಿಸಲು ಆಗಲಿಲ್ಲ. ಒಪ್ಪಿಕೊಳ್ಳಲಾ, ಬೇಡ ಅನ್ನಲಾ? ಗೊತ್ತಿದ್ದವರು ಹೇಳಿ.

ಗುಂಡಿ_ಕಾಜ
ಬೇಡ ಅಂದುಬಿಡಿ. ಹೆಸರು ಹಾಳಾಗುವುದು ನಿಮ್ಮದು.

ಬಸವನಗುಡಿ_ಬಿಂದು
ಅಯ್ಯೋ, ಯಾಕೆ ಬೇಡ ಅನ್ನಬೇಕು? ಹುಡುಗಿಗೆ ಆಸೆ ಇದೆ. ಡಯಾನಾ ಗೌನ್ ಸುಕ್ಕಾಗಿದ್ದು ನಿಜ, ಆದ್ರೆ 40 ವರ್ಷ ಆದ ಮೇಲೂ ಜನ ಅದೇ ಫೋಟೋ ಹಿಡ್ಕೊಂಡು ಬರ್ತಿದ್ದಾರೆ. ಸುಕ್ಕನ್ನು ಯಾರು ನೋಡ್ತಾರೆ?

ಕುಡ್ಲದ_ಸೂಜಿ
ಅತ್ತೆ ನೋಡುತ್ತಾರೆ.

ಬರ್ಮಿಂಗ್‌ಹ್ಯಾಮ್_ಭಾಗ್ಯ
ನಾನು ಆ ಗೌನನ್ನು ಕಣ್ಣಾರೆ ನೋಡಿದ್ದೇನೆ. 2021ರಲ್ಲಿ ಕೆನ್ಸಿಂಗ್ಟನ್ ಅರಮನೆಯಲ್ಲಿ ಇಟ್ಟಿದ್ದರು. ಟ್ರೇನ್ ಪೂರ್ತಿ ಹರಡಿ ಇಟ್ಟಿದ್ದರು. ಫೋಟೋದಲ್ಲಿ ಬೆಳ್ಳಗೆ ಕಾಣುತ್ತದೆ, ಆದರೆ ಹತ್ತಿರದಿಂದ ಅದು ಬಿಳಿ ಅಲ್ಲವೇ ಅಲ್ಲ. ಕೆನೆ ಬಣ್ಣ. ಟ್ರೇನಿನ ಅಂಚಿನ ಉದ್ದಕ್ಕೂ ಲೇಸ್, ಅದರ ಮೇಲೆ ಸಣ್ಣ ಸಣ್ಣ ಮಿಂಚು. ನಾನು ಒಂದು ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಹೊಲಿದವರು ಡೇವಿಡ್ ಮತ್ತು ಎಲಿಜಬೆತ್ ಇಮ್ಯಾನುಯೆಲ್, ಆಗ ಗಂಡ ಹೆಂಡತಿ. 1981ರಲ್ಲಿ ಇಬ್ಬರಿಗೂ 30 ತುಂಬಿರಲಿಲ್ಲ. ಅವರೇ ಹೇಳಿದ್ದಾರೆ, ಸ್ವಲ್ಪ ಸುಕ್ಕು ಬರುತ್ತದೆ ಅಂತ ಗೊತ್ತಿತ್ತು, ಅಷ್ಟು ಅಂತ ಅಂದುಕೊಂಡಿರಲಿಲ್ಲ ಅಂತ. ಮದುವೆಗೆ ಅವಳು ಬಂದ ಗಾಜಿನ ಸಾರೋಟು ಚಿಕ್ಕದು. ಅದರೊಳಗೆ ಡಯಾನಾ, ಪಕ್ಕದಲ್ಲಿ ಅವಳ ಅಪ್ಪ. ಅವರು ದೊಡ್ಡ ಆಳು. ಉಳಿದ ಜಾಗದಲ್ಲಿ 25 ಅಡಿ ಬಟ್ಟೆ ತುರುಕಬೇಕು. ಮದುವೆ ನಡೆದ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಮೆಟ್ಟಿಲ ಹತ್ತಿರ ಇಳಿದಾಗ ಇಮ್ಯಾನುಯೆಲ್ ದಂಪತಿ ಓಡಿ ಬಂದು ಬಟ್ಟೆ ಎಳೆದು ಎಳೆದು ಸರಿ ಮಾಡಿದ್ದಾರೆ.

ಹಾಗಾಗಿ ನಿಮ್ಮ 2009ರ ಗೌನಿಗೂ ಅದಕ್ಕೂ ಆಗಿದ್ದು ಒಂದೇ. ತಪ್ಪು ಇಸ್ತ್ರಿಯದ್ದಲ್ಲ.

ಹಳೇಪೇಪರ್_ಮಾವ
ಒಂದು ಮಾತು. 25 ಅಡಿ ಸುಮ್ನೆ ಇಟ್ಟಿದ್ದಲ್ಲ. ಸೇಂಟ್ ಪಾಲ್ಸ್ ಎಷ್ಟು ದೊಡ್ಡದು ಅಂತ ಒಳಗೆ ಹೋದವರಿಗೆ ಗೊತ್ತು. ಅಲ್ಲಿ ಸಾಮಾನ್ಯ ಗೌನ್ ಹಾಕಿಕೊಂಡು ನಡೆದರೆ ಹುಡುಗಿ ಚುಕ್ಕಿಯಷ್ಟು ಕಾಣುತ್ತಾಳೆ. ಬ್ರಿಟನ್ ರಾಜಮನೆತನದ ಮದುವೆಗಳಲ್ಲಿ ಅಷ್ಟು ಉದ್ದದ ಟ್ರೇನ್ ಅದೇ. ಮಂಗಳೂರಿನ ಇಗರ್ಜಿಗೆ 9 ಅಡಿ ಸಾಕೋ ಸಾಕು.

ರೇಷ್ಮೆಗೂಡು
ನಮ್ಮದು ಕನಕಪುರದ ಕಡೆ ಹುಳು ಸಾಕುವ ಮನೆ. ನನ್ನ ಭಾವ ಮಗ್ಗ ಇಟ್ಟಿದ್ದಾರೆ. ಸುಕ್ಕಿಗೆ ಕಾರಣ ನೇಯ್ಗೆಯಲ್ಲಿದೆ ಅಂತ ಅವರು ಹೇಳುತ್ತಾರೆ, ನಾನು ಅದನ್ನೇ ಬರೆಯುತ್ತೇನೆ.

ಟಾಫೆಟಾ ಅಂದ್ರೆ ಸಾದಾ ನೇಯ್ಗೆ. ಹೊಕ್ಕು ಒಂದು ಹಾಸಿನ ಮೇಲೆ, ಒಂದು ಹಾಸಿನ ಕೆಳಗೆ. ಜೊತೆಗೆ ತುಂಬಾ ಒತ್ತು. ನೂಲಿಗೆ ಅತ್ತಿತ್ತ ಜರುಗಲು ಜಾಗವೇ ಇಲ್ಲ. ಅದಕ್ಕೇ ಅದು ಗರಿಗರಿ ನಿಲ್ಲುತ್ತದೆ, ನಡೆದರೆ ಸರಸರ ಸದ್ದು ಮಾಡುತ್ತದೆ. ಅದಕ್ಕೇ ಮಡಚಿದ ಕಡೆ ಕಾಗದದ ತರ ಗೆರೆ ಕೂರುತ್ತದೆ. ಸ್ಯಾಟಿನ್‌ನಲ್ಲಿ ಒಂದು ನೂಲು ನಾಲ್ಕಾರು ನೂಲಿನ ಮೇಲೆ ತೇಲಿಕೊಂಡು ಹೋಗಿ ಆಮೇಲೆ ಒಮ್ಮೆ ಕೆಳಗಿಳಿಯುತ್ತದೆ. ಜಾರಲು ಜಾಗ ಇದೆ, ಸುಕ್ಕು ಕಡಿಮೆ. ನಮ್ಮ ಮೈಸೂರು ಸಿಲ್ಕ್ ಕ್ರೇಪ್‌ನದ್ದು ಇನ್ನೊಂದು ಕತೆ. ಅಲ್ಲಿ ನೂಲಿಗೆ ಹುರಿ ಜಾಸ್ತಿ ಹಾಕುತ್ತಾರೆ. ಸ್ಪ್ರಿಂಗ್ ತರ ಇರುತ್ತದೆ, ಮುದುಡಿದರೂ ಬಿಚ್ಚಿಕೊಳ್ಳುತ್ತದೆ. ಮೈಸೂರು ಸಿಲ್ಕ್ ಉಟ್ಟು ಬಸ್ಸಲ್ಲಿ ನಾಲ್ಕು ಗಂಟೆ ಕೂತು ಬಂದವರನ್ನು ಕೇಳಿ.

ಇನ್ನೊಂದು ವಿಷಯ, ಡಯಾನಾ ಗೌನಿಗೆ ಇಂಗ್ಲೆಂಡಿನಲ್ಲೇ ಸಾಕಿದ ಹುಳುವಿನ ರೇಷ್ಮೆ ಬಳಸಿದ್ದರು. ಲಲ್ಲಿಂಗ್‌ಸ್ಟನ್ ಅನ್ನೋ ರೇಷ್ಮೆ ಫಾರ್ಮ್. 1953ರ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೂ ಅಲ್ಲಿಂದಲೇ ರೇಷ್ಮೆ ಹೋಗಿತ್ತು. ಆ ಚಳಿಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವುದು ಎಷ್ಟು ಕಷ್ಟ ಅಂತ ನಮಗೆ ಅರ್ಥ ಆಗುತ್ತದೆ. ಇಲ್ಲಿ ಡಿಸೆಂಬರ್ ಚಳಿಗೇ ನಾವು ಮನೆಯೊಳಗೆ ಕೆಂಡ ಇಡುತ್ತೇವೆ.

ಶಿರಸಿ_ಸವಿ
ಎಷ್ಟು ಚೆನ್ನಾಗಿ ಹೇಳಿದ್ರಿ! ಅಮ್ಮನ ಮೈಸೂರು ಸಿಲ್ಕ್ ಯಾಕೆ ಹಾಗೆ ಬೀಳುತ್ತದೆ ಅಂತ ಇವತ್ತು ಗೊತ್ತಾಯ್ತು.

ಗುಂಡಿ_ಕಾಜ
ರೇಷ್ಮೆಗೂಡು ಅವರೇ, ಅದು ಶುದ್ಧ ರೇಷ್ಮೆ ಟಾಫೆಟಾದ ವಿಷಯ. ಈಗ ಅಂಗಡಿಯಲ್ಲಿ ಟಾಫೆಟಾ ಅಂತ ಸಿಗುವುದು ಮುಕ್ಕಾಲು ಪಾಲಿಯೆಸ್ಟರ್. ಸುಕ್ಕು ಸ್ವಲ್ಪ ಕಡಿಮೆ. ಆದ್ರೆ ಫೋಟೋ ಲೈಟಿಗೆ ಪ್ಲಾಸ್ಟಿಕ್ ತರ ಹೊಳೆಯುತ್ತೆ. ಮಂಗಳೂರು ಬೆವರಿಗೆ ಅದನ್ನು ಹಾಕಿಕೊಂಡರೆ ಹುಡುಗಿ ಅರ್ಧ ಗಂಟೆಯಲ್ಲಿ ಬೆಂದು ಹೋಗ್ತಾಳೆ.

ಧಾರವಾಡ_ಪೇಡೆ
ಡಯಾನಾ ಯಾಕ್ರೀ, ಸಿನಿಮಾ ನಟಿ ಗ್ರೇಸ್ ಕೆಲ್ಲಿ ಮದುವೆ ಗೌನ್ ತೋರಿಸಿ ಆ ಹುಡುಗಿಗೆ. 1956, ಮೊನಾಕೊ. ಉದ್ದ ತೋಳು, ಕುತ್ತಿಗೆವರೆಗೂ ಲೇಸ್. ನನ್ನ ಪ್ರಕಾರ ಅದರ ಮುಂದೆ ಬೇರೆ ಯಾವುದೂ ಇಲ್ಲ. ಫ್ರಾನ್ಸಿನ ಡಿಸೈನರ್ ಡಿಯೋರ್ ಮಾಡಿದ್ದಲ್ವಾ ಅದು?

ಎಂಎ_ಇತಿಹಾಸ
ಅಲ್ಲ, ಡಿಯೋರ್ ಅಲ್ಲ. ಅದು ಹೆಲೆನ್ ರೋಸ್ ಅವರದು. ಎಂಜಿಎಂ ಸಿನಿಮಾ ಸ್ಟುಡಿಯೋದ ವಸ್ತ್ರ ವಿನ್ಯಾಸಕಿ. ಗ್ರೇಸ್ ಕೆಲ್ಲಿ ಸಿನಿಮಾ ಬಿಟ್ಟು ಹೋಗುವಾಗ ಸ್ಟುಡಿಯೋ ಕೊಟ್ಟ ಉಡುಗೊರೆ. ಸ್ಟುಡಿಯೋದ ಹೊಲಿಗೆ ವಿಭಾಗದಲ್ಲಿ ಮೂವತ್ತಕ್ಕೂ ಜಾಸ್ತಿ ಜನ ಆರು ವಾರ ಕೆಲಸ ಮಾಡಿದ್ದಾರೆ. ಈಗ ಅದು ಫಿಲಡೆಲ್ಫಿಯಾದ ಕಲಾ ಮ್ಯೂಸಿಯಂನಲ್ಲಿದೆ, ಅವಳ ಊರಲ್ಲೇ.

ಮತ್ತೆ ಆ ಸ್ಕರ್ಟಿನಲ್ಲೂ ರೇಷ್ಮೆ ಟಾಫೆಟಾ ಇದೆ. ಅಂದ್ರೆ ಬಟ್ಟೆಯನ್ನು ಮಾತ್ರ ಬೈದು ಪ್ರಯೋಜನ ಇಲ್ಲ, ಎಲ್ಲಿ ಬಳಸಿದ್ದಾರೆ, ಎಷ್ಟು ಬಳಸಿದ್ದಾರೆ ಅನ್ನೋದು ಮುಖ್ಯ.

ಧಾರವಾಡ_ಪೇಡೆ
ತಿದ್ದಿದ್ದಕ್ಕೆ ಥ್ಯಾಂಕ್ಸ್ ರೀ. ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ.

ಬಸವನಗುಡಿ_ಬಿಂದು
ನನಗೆ ಡಯಾನಾ ಸೊಸೆ ಕೇಟ್ ಮಿಡಲ್ಟನ್ ಮದುವೆ ಗೌನ್ ಇಷ್ಟ. 2011, ಅಲೆಕ್ಸಾಂಡರ್ ಮೆಕ್ವೀನ್. ಎಷ್ಟು ನೀಟಾಗಿ ಕೂತಿತ್ತು ಮೈಮೇಲೆ! ಒಂದು ಸುಕ್ಕಿಲ್ಲ.

ಎಂಎ_ಇತಿಹಾಸ
ಸಂಸ್ಥೆ ಮೆಕ್ವೀನ್ ಅವರದು ಹೌದು. ಆದ್ರೆ ಮೆಕ್ವೀನ್ 2010ರಲ್ಲೇ ತೀರಿಹೋಗಿದ್ದರು. ಆ ಗೌನ್ ಮಾಡಿದ್ದು ಸಾರಾ ಬರ್ಟನ್. ಹೆಸರು ಹೇಳುವಾಗ ಅವರ ಹೆಸರೂ ಹೇಳಬೇಕು ಅಲ್ವಾ.

ಬರ್ಮಿಂಗ್‌ಹ್ಯಾಮ್_ಭಾಗ್ಯ
ಅದರ ಲೇಸ್ ಕೆಲಸ ಮಾಡಿದ್ದು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿರುವ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನವರು. ಗುಲಾಬಿ, ಥಿಸಲ್, ಡ್ಯಾಫೊಡಿಲ್, ಶ್ಯಾಮ್‌ರಾಕ್, ಈ ನಾಲ್ಕು ಹೂವು ಎಲೆಗಳನ್ನು ಲೇಸಿನಿಂದ ಒಂದೊಂದಾಗಿ ಕತ್ತರಿಸಿ ರೇಷ್ಮೆ ಬಲೆಯ ಮೇಲೆ ಕೈಯಲ್ಲೇ ಹೊಲಿದಿದ್ದಾರೆ. ಅರ್ಧ ಗಂಟೆಗೊಮ್ಮೆ ಕೈ ತೊಳೆಯಬೇಕಿತ್ತು. ಮೂರು ಗಂಟೆಗೊಮ್ಮೆ ಸೂಜಿ ಬದಲಾಯಿಸಬೇಕಿತ್ತು. ಬೆನ್ನಿಗೆ 58 ಬಟ್ಟೆ ಗುಂಡಿಗಳು.

ಗುಂಡಿ_ಕಾಜ
58 ಗುಂಡಿ ಅಂದ್ರೆ 58 ದಾರದ ಕುಣಿಕೆ. ಕುಣಿಕೆ ಒಂದು ಕೂದಲೆಳೆ ಹೆಚ್ಚು ಕಡಿಮೆ ಆದರೂ ಸಾಲು ವಕ್ರ ಕಾಣುತ್ತೆ. ನಾನು ಒಂದು ಬ್ಲೌಸಿಗೆ 22 ಮಾಡಿದ್ದೇನೆ, ಎರಡು ದಿನ ಹಿಡಿಯಿತು.

ಸೂಜಿ ಬದಲಾಯಿಸುವುದು ಸರಿಯಾದ ಪದ್ಧತಿ. ಸೂಜಿ ಮೊಂಡಾದರೆ ರೇಷ್ಮೆಯ ಎಳೆಯನ್ನು ಎಳೆದುಬಿಡುತ್ತೆ. ಒಂದು ಎಳೆ ಎದ್ದರೆ ಮುಗಿಯಿತು, ಸ್ಯಾಟಿನ್ ಮೇಲೆ ಗೆರೆ ಎದ್ದು ಕಾಣುತ್ತೆ.

ಕುಡ್ಲದ_ಸೂಜಿ
ಕೈ ತೊಳೆಯುವುದು ನಮ್ಮಲ್ಲೂ ಇದೆ. ನಮ್ಮ ಹುಡುಗಿಯರು ಪೌಡರ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂರುತ್ತಾರೆ. ಏಪ್ರಿಲ್ ಮೇಯಲ್ಲಂತೂ ಬೆವರಿನ ಬೆರಳಿಗೆ ಬಿಳಿ ಬಟ್ಟೆ ಮುಟ್ಟಲು ಹೆದರಿಕೆ ಆಗುತ್ತದೆ. ಫ್ಯಾನ್ ಹಾಕಿದರೆ ನೆಟ್ ಹಾರುತ್ತದೆ, ಆಫ್ ಮಾಡಿದರೆ ಬೆವರು.

ಹಳೇಪೇಪರ್_ಮಾವ
ಎಲಿಜಬೆತ್ ರಾಣಿಯ ಮದುವೆ ಗೌನಿನ ಕತೆ ಗೊತ್ತಾ ಯಾರಿಗಾದರೂ? 1947 ನವೆಂಬರ್ 20. ಯುದ್ಧ ಮುಗಿದು ಎರಡು ವರ್ಷ ಆಗಿತ್ತು, ಬ್ರಿಟನ್‌ನಲ್ಲಿ ಬಟ್ಟೆಗೂ ರೇಷನ್ ಇತ್ತು. ಕೂಪನ್ ಇಲ್ಲದೆ ರಾಜಕುಮಾರಿಗೂ ಬಟ್ಟೆ ಇಲ್ಲ. ಸರ್ಕಾರ ಅವಳಿಗೆ 200 ಕೂಪನ್ ಜಾಸ್ತಿ ಕೊಟ್ಟಿತು. ಊರೂರಿನ ಹೆಂಗಸರು ತಮ್ಮ ಕೂಪನ್‌ಗಳನ್ನು ಅಂಚೆಯಲ್ಲಿ ಕಳಿಸಿದರು, ನಮ್ಮದೂ ಇರಲಿ ಅಂತ. ಒಬ್ಬರ ಕೂಪನ್ ಇನ್ನೊಬ್ಬರು ಬಳಸುವುದು ಕಾನೂನಿಗೆ ವಿರುದ್ಧ. ಹಾಗಾಗಿ ಎಲ್ಲವನ್ನೂ ವಾಪಸ್ ಕಳಿಸಬೇಕಾಯಿತು. ಆ ಹೆಂಗಸರ ಮನೆಯಲ್ಲೂ ಬಟ್ಟೆಗೆ ಕಷ್ಟವೇ ಇತ್ತಲ್ವಾ. ನನಗೆ ಆ ಗೌನಿನ ಬಗ್ಗೆ ಯೋಚಿಸಿದಾಗಲೆಲ್ಲ ಮೊದಲು ನೆನಪಾಗುವುದು ಅದೇ.

ಡಿಸೈನರ್ ನಾರ್ಮನ್ ಹಾರ್ಟ್‌ನೆಲ್. ರೇಷ್ಮೆ ವಿಷಯದಲ್ಲೂ ಗಲಾಟೆ. ಜಪಾನ್, ಇಟಲಿ ಶತ್ರು ದೇಶಗಳಾಗಿದ್ದವು, ಅಲ್ಲಿನ ಹುಳುವಿನ ರೇಷ್ಮೆ ಆದರೆ ಹೇಗೆ ಅಂತ ಪ್ರಶ್ನೆ ಬಂತು. ಚೀನಾದ ಹುಳು ಅಂತ ಹಾರ್ಟ್‌ನೆಲ್ ಸ್ಪಷ್ಟ ಮಾಡಬೇಕಾಯಿತು.

ಶಿರಸಿ_ಸವಿ
ಹುಳುವಿಗೂ ದೇಶ ಕೇಳಿದ್ರಾ!

ಬಸವನಗುಡಿ_ಬಿಂದು
10,000 ಮುತ್ತು ಇದ್ದಿದ್ದು ಅದಕ್ಕಾ ಡಯಾನಾದಕ್ಕಾ? ಎರಡು ಕಡೆ ಬೇರೆ ಬೇರೆ ಓದಿದ್ದೇನೆ.

ಹಳೇಪೇಪರ್_ಮಾವ
ಎರಡಕ್ಕೂ 10,000 ಅಂತಲೇ ಲೆಕ್ಕ ಇದೆ. ಎಲಿಜಬೆತ್ ಗೌನಿನ ಮುತ್ತುಗಳು ಅಮೆರಿಕದಿಂದ ಬಂದವು. 350 ಹೆಂಗಸರು ಏಳು ವಾರ ಕೆಲಸ ಮಾಡಿದರು ಅಂತ ದಾಖಲೆ ಇದೆ. ಇನ್ನೊಂದು, ಮದುವೆ ದಿನ ಬೆಳಿಗ್ಗೆ ಅವಳ ತಲೆಯ ಕಿರೀಟ ಮುರಿದೇ ಹೋಯಿತು. ಅರಮನೆಯ ಆಭರಣದವರು ಪೊಲೀಸ್ ಕಾವಲಿನಲ್ಲಿ ಅದನ್ನು ತೆಗೆದುಕೊಂಡು ಹೋಗಿ ಬೆಸೆದು ತಂದರು. ಅಂಥವರಿಗೇ ಹಾಗಾಗುತ್ತದೆ. ಕುಡ್ಲದ_ಸೂಜಿ ಅವರೇ, ನೀವು 2009ರದ್ದನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಕುಡ್ಲದ_ಸೂಜಿ
ನಿಮ್ಮ ಮಾತು ಓದಿ ಕಣ್ಣು ತುಂಬಿತು ಮಾವ. ಥ್ಯಾಂಕ್ಸ್.

ಧಾರವಾಡ_ಪೇಡೆ
ಬಿಳಿ ಗೌನ್ ಶುರು ಮಾಡಿದ್ದು ವಿಕ್ಟೋರಿಯಾ ರಾಣಿ ಅಲ್ರೀ? ಅದಕ್ಕೂ ಮೊದಲು ಬಿಳಿ ಇರಲಿಲ್ಲ ಅಂತ ಕೇಳಿದ್ದೆ. ಈ ಸಲ ಸರಿ ಇದೆಯಾ ನೋಡಿ.

ಎಂಎ_ಇತಿಹಾಸ
ಅರ್ಧ ಸರಿ. ಮೊದಲೂ ಬಿಳಿ ಉಟ್ಟವರಿದ್ದರು. ಸ್ಕಾಟ್ಲೆಂಡಿನ ರಾಣಿ ಮೇರಿ 1558ರಲ್ಲೇ ಬಿಳಿ ಉಟ್ಟು ಮದುವೆ ಆದಳು. 1840ರಲ್ಲಿ ವಿಕ್ಟೋರಿಯಾ ಉಟ್ಟ ಮೇಲೆ ಅದು ಎಲ್ಲರ ಆಸೆ ಆಯಿತು. ಅವಳ ಉದ್ದೇಶವೂ ಚೆನ್ನಾಗಿತ್ತು. ರೇಷ್ಮೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರದು, ಲೇಸ್ ಡೆವನ್ ಕಡೆಯ ಹೊನಿಟನ್ ಲೇಸ್. ಮೆಷಿನ್ ಲೇಸ್ ಬಂದು ಕೈಕೆಲಸದವರಿಗೆ ಕೆಲಸ ಇಲ್ಲದ ಕಾಲ ಅದು. ಲೇಸ್ ಎದ್ದು ಕಾಣಲಿ ಅಂತಲೂ ಬಿಳಿ ಸರಿ ಹೋಯಿತು. ಆ ಲೇಸನ್ನು ಅವಳು ಆಮೇಲೂ ಎಷ್ಟೋ ಸಲ ಬಳಸಿದಳು.

ಶಿರಸಿ_ಸವಿ
ನಮ್ಮ ಕಡೆ ಧಾರೆ ಸೀರೆಯೂ ಬಿಳಿಯೇ ಅಲ್ವಾ! ಬಿಳಿ ಮೈ, ಕೆಂಪು ಅಂಚು. ಅದಕ್ಕೆ ಯಾವ ರಾಣಿಯೂ ಕಾರಣ ಅಲ್ಲ. ನನ್ನ ಧಾರೆ ಸೀರೆ ಇನ್ನೂ ಟ್ರಂಕಿನಲ್ಲಿದೆ, ಒಂದು ಕಡೆ ಅರಿಶಿನದ ಕಲೆ. ಅದನ್ನು ತೆಗೆಸಬೇಡ ಅಂದಿದ್ದರು ಅಜ್ಜಿ.

ರೇಷ್ಮೆಗೂಡು
ಅರಿಶಿನದ ಕಲೆ ಇರಲಿ ಬಿಡಿ. ಆದ್ರೆ ಸೀರೆಯನ್ನು ಆರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ ಇಡಿ. ಒಂದೇ ಮಡಿಕೆಯಲ್ಲಿ ಇಟ್ಟರೆ ಅಲ್ಲೇ ಸೀಳುತ್ತದೆ. ಜರಿ ಇದ್ದರೆ ಒಳಮಗ್ಗುಲಾಗಿ ಮಡಚಿ.

ಬಸವನಗುಡಿ_ಬಿಂದು
ಸೀರೆ ವಿಷಯ ಬಂತಲ್ಲ, ದೀಪಿಕಾ ಪಡುಕೋಣೆ ಮದುವೆ ನೆನಪಾಯ್ತು. 2018, ಇಟಲಿಯ ಕೊಮೊ ಸರೋವರ. ಕೊಂಕಣಿ ಪದ್ಧತಿಯ ಮದುವೆಯ ಸೀರೆ ನೋಡಿ ಎಲ್ಲರೂ ಡಿಸೈನರ್ ಸಬ್ಯಸಾಚಿ ಸೀರೆ ಅಂತ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಗೊತ್ತಾಯ್ತು, ಅದು ಅಮ್ಮ ಕೊಟ್ಟ ಸೀರೆ, ನಮ್ಮ ಬೆಂಗಳೂರಿನ 'ಅಂಗಡಿ' ಅನ್ನೋ ಮನೆತನದವರ ಅದ್ವಯ ಮಳಿಗೆಯಿಂದ ತಗೊಂಡಿದ್ದು. ಸಬ್ಯಸಾಚಿಯವರೇ ಅದನ್ನು ಬಹಿರಂಗವಾಗಿ ಹೇಳಿ, ಶ್ರೇಯ ಅವರಿಗೆ ಸಲ್ಲಬೇಕು ಅಂತ ತಿದ್ದಿದರು. ಕೊಂಕಣಿಗರಲ್ಲಿ ಮದುಮಗಳ ಸೀರೆ ಕೊಡುವುದು ಅಮ್ಮ.

ಗುಂಡಿ_ಕಾಜ
ತಿದ್ದಿದ್ದು ಒಳ್ಳೆಯದು. ಆದ್ರೆ ನೇಯ್ದವರ ಹೆಸರು? ಅಂಗಡಿ ಹೆಸರು ಬಂತು, ಡಿಸೈನರ್ ಹೆಸರು ಬಂತು. ಮಗ್ಗದಲ್ಲಿ ಕೂತವರ ಹೆಸರು ಎಲ್ಲೂ ಬರಲಿಲ್ಲ.

ಬಸವನಗುಡಿ_ಬಿಂದು
ಎಲ್ಲರ ಹೆಸರು ಹಾಕಲು ಆಗುತ್ತಾ? ಮನೆ ಕಟ್ಟಿದಾಗ ಗಾರೆಯವರ ಹೆಸರು ಹಾಕ್ತೀವಾ? ಯೋಚನೆ ಯಾರದೋ ಅವರದ್ದೇ ಹೆಸರು ಬರುತ್ತೆ. ಡಿಸೈನರ್ ಇಲ್ಲದೆ ಆ ಗೌನೇ ಇಲ್ಲ.

ಗುಂಡಿ_ಕಾಜ
ಹಾಕಬೇಕು. ಪ್ರಿಯಾಂಕಾ ಚೋಪ್ರಾ 2018ರಲ್ಲಿ ಜೋಧಪುರದಲ್ಲಿ ಉಟ್ಟ ಕೆಂಪು ಲೆಹೆಂಗಾ ತಗೊಳ್ಳಿ. ಕೊಲ್ಕತ್ತಾದ 110 ಕಸೂತಿ ಕೆಲಸಗಾರರು, 3,720 ಗಂಟೆ ಅಂತ ಸಬ್ಯಸಾಚಿಯವರು ಹೆಮ್ಮೆಯಿಂದ ಹೇಳಿದರು. ಗಂಟೆ ಎಣಿಸಿದರು, ತಲೆ ಎಣಿಸಿದರು. ಎಣಿಸುವಾಗ ಹೆಸರು ಬರೆಯಲು ಏನಾಗಿತ್ತು? 110 ಹೆಸರು ಒಂದು ಪುಟಕ್ಕೆ ಹಿಡಿಯುತ್ತೆ.

ಬಸವನಗುಡಿ_ಬಿಂದು
ಅಷ್ಟಾದರೂ ಹೇಳಿದರಲ್ಲ. ಮೊದಲು ಅದೂ ಇರಲಿಲ್ಲ.

ಎಂಎ_ಇತಿಹಾಸ
ಈ ಮಾತಿಗೆ ಆನ್ ಲೋ ಅವರ ಕತೆ ಹೇಳಲೇಬೇಕು. ಸ್ವಲ್ಪ ಉದ್ದ ಆಗುತ್ತದೆ, ಓದಿ.

1953 ಸೆಪ್ಟೆಂಬರ್ 12ರಂದು ಜಾಕ್ವೆಲಿನ್ ಬೂವಿಯೆ, ಆಮೇಲೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯನ್ನು ಮದುವೆ ಆದಳು. ಆ ಗೌನ್ ಹೊಲಿದವರು ಆನ್ ಲೋ. ಅಮೆರಿಕದ ಅಲಬಾಮಾದ ಕಪ್ಪು ಹೆಂಗಸು. ಅಜ್ಜಿ ಹುಟ್ಟಿದ್ದು ಗುಲಾಮಗಿರಿಯಲ್ಲಿ, ಹೊಲಿಗೆ ಕಲಿತವರು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದ ಕೈಕೆಲಸ. ಅಮ್ಮ ತೀರಿಹೋದಾಗ ಹುಡುಗಿಗೆ ಇನ್ನೂ ಹದಿನಾರೋ ಹದಿನೇಳೋ. ಅಮ್ಮ ಅರ್ಧಕ್ಕೆ ಬಿಟ್ಟಿದ್ದ ಗವರ್ನರ್ ಹೆಂಡತಿಯ ಗೌನ್‌ಗಳನ್ನು ಅವಳೇ ಕೂತು ಮುಗಿಸಿದಳು.

ಕೆನಡಿ ಮದುವೆಗೆ 50 ಗಜ ರೇಷ್ಮೆ ಟಾಫೆಟಾ. ನೋಡಿ, ಮತ್ತೆ ಟಾಫೆಟಾ. ಮದುವೆಗೆ ಹತ್ತು ದಿನ ಇರುವಾಗ ಅವರ ಸ್ಟುಡಿಯೋದಲ್ಲಿ ನೀರಿನ ಪೈಪ್ ಒಡೆಯಿತು. ಮದುಮಗಳ ಗೌನೂ, ಗೆಳತಿಯರ ಬಟ್ಟೆಗಳೂ ಹಾಳಾದವು. ಎರಡು ತಿಂಗಳ ಕೆಲಸ. ಆನ್ ಲೋ ಅಳುತ್ತಾ ಕೂರಲಿಲ್ಲ. ಹೊಸ ಬಟ್ಟೆ ತಂದರು, ಜನ ಸೇರಿಸಿದರು, ಹಗಲು ರಾತ್ರಿ ಹೊಲಿದು ಮುಗಿಸಿದರು. ಕೆನಡಿ ಮನೆಯವರಿಗೂ ಹುಡುಗಿ ಮನೆಯವರಿಗೂ ಒಂದು ಮಾತು ಹೇಳಲಿಲ್ಲ. 700 ಡಾಲರ್ ಲಾಭ ಸಿಗಬೇಕಿತ್ತು, 2,200 ಡಾಲರ್ ನಷ್ಟ ಆಯಿತು.

ಮರುದಿನದ ಪತ್ರಿಕೆಗಳಲ್ಲಿ ಗೌನಿನ ವರ್ಣನೆ ತುಂಬಾ ಇತ್ತು. ಹೊಲಿದವರ ಹೆಸರು ಮಾತ್ರ ಬಹುತೇಕ ಎಲ್ಲೂ ಇರಲಿಲ್ಲ. ಈಗ ಅವರ ಕೆಲಸವನ್ನು ಮ್ಯೂಸಿಯಂನಲ್ಲಿ ಇಡುತ್ತಾರೆ. ಅವರು ತೀರಿಹೋಗಿದ್ದು 1981ರಲ್ಲಿ, ಡಯಾನಾ ಮದುವೆಯ ವರ್ಷವೇ.

ಶಿರಸಿ_ಸವಿ
ಓದಿ ಹೊಟ್ಟೆಯಲ್ಲಿ ಸಂಕಟ ಆಯ್ತು.

ಕುಡ್ಲದ_ಸೂಜಿ
ಹತ್ತು ದಿನದಲ್ಲಿ ಮತ್ತೆ ಪೂರ್ತಿ! ನಾನು ಹೊಲಿಯುವವಳಾಗಿ ಹೇಳುತ್ತೇನೆ, ಅಳತೆ ಕತ್ತರಿಸಿ ಜೋಡಿಸುವುದು ದೊಡ್ಡದಲ್ಲ. ಆ ಸ್ಕರ್ಟಿನ ಮೇಲೆ ಸುತ್ತು ಸುತ್ತಾಗಿ ಫ್ರಿಲ್ ಪಟ್ಟಿಗಳಿವೆ, ಫೋಟೋ ದೊಡ್ಡದು ಮಾಡಿ ನೋಡಿ. ಒಂದೊಂದು ಪಟ್ಟಿಯನ್ನೂ ಮೊದಲು ನೆರಿಗೆ ಹಿಡಿದು, ಆಮೇಲೆ ವೃತ್ತಕ್ಕೆ ಕೂರಿಸಬೇಕು. ಅದನ್ನು ಎರಡನೇ ಸಲ ಮಾಡುವಾಗ ಆ ಕೈಗಳಿಗೆ ಏನನಿಸಿರಬೇಕು.

ಬಸವನಗುಡಿ_ಬಿಂದು
ಸರಿ, ಒಪ್ಪಿದೆ. ಹೆಸರು ಹಾಕಬೇಕು. ನನಗೆ ಇದು ಗೊತ್ತಿರಲಿಲ್ಲ.

ಧಾರವಾಡ_ಪೇಡೆ
ಮತ್ತೆ ಆ ಹುಡುಗಿ ಗೌನ್ ಏನಾಯ್ತ್ರೀ? ಎಲ್ಲೆಲ್ಲೋ ಹೋದ್ವಿ.

ಬರ್ಮಿಂಗ್‌ಹ್ಯಾಮ್_ಭಾಗ್ಯ
ಹೌದು, ವಿಷಯಕ್ಕೆ ಬರೋಣ. ಒಂದು ಉದಾಹರಣೆ ಕೊಡುತ್ತೇನೆ. 2020ರಲ್ಲಿ ಬ್ರಿಟನ್ನಿನ ಬಿಯಾಟ್ರಿಸ್ ರಾಜಕುಮಾರಿ ತನ್ನ ಮದುವೆಗೆ ಹೊಸ ಗೌನ್ ಹೊಲಿಸಲೇ ಇಲ್ಲ. ಅಜ್ಜಿ ಎಲಿಜಬೆತ್ ರಾಣಿ 1960ರ ದಶಕದಲ್ಲಿ ಹಾಕಿದ್ದ ಹಾರ್ಟ್‌ನೆಲ್ ಗೌನನ್ನೇ ಕೇಳಿ ಪಡೆದಳು. ರಾಣಿಯ ಉಡುಪು ನೋಡಿಕೊಳ್ಳುತ್ತಿದ್ದ ಏಂಜೆಲಾ ಕೆಲ್ಲಿ, ಡಿಸೈನರ್ ಸ್ಟುವರ್ಟ್ ಪರ್ವಿನ್ ಇಬ್ಬರೂ ಅದನ್ನು ಅವಳ ಅಳತೆಗೆ ತಿದ್ದಿದರು. ತೋಳೇ ಇರಲಿಲ್ಲ, ಆರ್ಗಾಂಜಾ ಅನ್ನೋ ತೆಳು ಪಾರದರ್ಶಕ ಬಟ್ಟೆಯ ಉಬ್ಬಿದ ತೋಳು ಸೇರಿಸಿದರು. ತೋಳು ಒಂದು ಬಟ್ಟೆ, ಮೈ ಒಂದು ಬಟ್ಟೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತು! ನೀವೂ ಹಾಗೆ ಮಾಡಬಹುದಲ್ಲ, ತೋಳಿಗೆ ಮಾತ್ರ ಟಾಫೆಟಾ.

ಗುಂಡಿ_ಕಾಜ
ಇದು ಒಳ್ಳೆಯ ಯೋಚನೆ. ತೋಳಿನ ಮೇಲೆ ಯಾರೂ ಕೂರುವುದಿಲ್ಲ. ಸುಕ್ಕು ಬರುವುದು ಕೂರುವ ಜಾಗದಲ್ಲಿ, ಮೊಣಕಾಲು ಮಡಚುವ ಜಾಗದಲ್ಲಿ. ಅಲ್ಲಿಗೆ ಡಚೆಸ್ ಸ್ಯಾಟಿನ್ (ದಪ್ಪ ಸ್ಯಾಟಿನ್) ಅಥವಾ ಮಿಕಾಡೊ (ದಪ್ಪ, ಭಾರದ ಗೌನ್ ಬಟ್ಟೆ) ಹಾಕಿ. ಟ್ರೇನನ್ನು ಬೇರೆಯಾಗಿ ಮಾಡಿ, ಸೊಂಟದ ಪಟ್ಟಿಗೆ ಕೊಕ್ಕೆ ಕೊಡಿ. ಕಾರಲ್ಲಿ ರೋಲ್ ಮಾಡಿ ಮಡಿಲಲ್ಲಿ ಇಟ್ಟುಕೊಂಡು ಬರಲಿ, ಇಗರ್ಜಿ ಬಾಗಿಲಲ್ಲಿ ಸಿಕ್ಕಿಸಿದರೆ ಆಯಿತು. ಕೊಕ್ಕೆ ಆರಕ್ಕಿಂತ ಕಡಿಮೆ ಬೇಡ, 9 ಅಡಿ ಬಟ್ಟೆಯ ಭಾರ ಎಳೆಯುತ್ತೆ.

ರೇಷ್ಮೆಗೂಡು
ಎರಡು ಬಟ್ಟೆ ಬಳಸುವುದಾದರೆ ಬಣ್ಣ ನೋಡಿಕೊಳ್ಳಿ. ಕೆನೆ ಬಣ್ಣದಲ್ಲಿ ನೂರು ತರ ಇರುತ್ತದೆ. ಟ್ಯೂಬ್‌ಲೈಟ್ ಕೆಳಗೆ ಒಂದೇ ಅನಿಸಿದ್ದು ಬಿಸಿಲಲ್ಲಿ ಒಂದು ಹಳದಿ, ಒಂದು ಗುಲಾಬಿ ಕಾಣುತ್ತದೆ. ಎರಡನ್ನೂ ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿಯೇ ತಗೊಳ್ಳಿ.

ಕುಡ್ಲದ_ಸೂಜಿ
ಎಲ್ಲರಿಗೂ ಮತ್ತೆ ನಮಸ್ಕಾರ. ನಾಲ್ಕು ದಿನ ಬರಲಾಗಲಿಲ್ಲ. ಏನಾಯಿತು ಹೇಳುತ್ತೇನೆ.

ಭಾನುವಾರ ಹುಡುಗಿಯನ್ನು ಕರೆದೆ. ಟಾಫೆಟಾ, ಡಚೆಸ್ ಸ್ಯಾಟಿನ್, ಮಿಕಾಡೊ, ಮೂರರದ್ದೂ ಒಂದೊಂದು ಮೀಟರ್ ತಂದಿದ್ದೆ. ಮೂರಕ್ಕೂ ಒಂದೇ ತರ ಇಸ್ತ್ರಿ ಹಾಕಿದೆ. ಕಾರಿನ ಹಿಂದಿನ ಸೀಟಿನಲ್ಲಿ ಮೂರೂ ತುಂಡುಗಳನ್ನು ಪಕ್ಕ ಪಕ್ಕ ಹಾಸಿದೆವು. ಅವಳು, ಅವಳ ಅಮ್ಮ, ನಾನು ಒಂದೊಂದರ ಮೇಲೆ ಕೂತೆವು. ಬೆಂದೂರಿನಿಂದ ಉಳ್ಳಾಲಕ್ಕೆ ಹೋಗಿ ವಾಪಸ್ ಬಂದೆವು.

ಇಳಿದು ಮೂರನ್ನೂ ಹಗ್ಗಕ್ಕೆ ನೇತು ಹಾಕಿದೆ. ಮಿಕಾಡೊದಲ್ಲಿ ನಾಲ್ಕೈದು ಮೆತ್ತನೆ ಗೆರೆ, ಹತ್ತು ನಿಮಿಷದಲ್ಲಿ ಅರ್ಧ ಮಾಯ. ಸ್ಯಾಟಿನ್‌ನಲ್ಲಿ ಸ್ವಲ್ಪ ಜಾಸ್ತಿ. ಟಾಫೆಟಾದಲ್ಲಿ ಅವಳು ಕೂತ ಅಚ್ಚು ಹಾಗೇ ಇತ್ತು, ಸೀಟಿನ ಹೊಲಿಗೆಯ ಗೆರೆ ಕೂಡ ಮೂಡಿತ್ತು. ಹುಡುಗಿ ಅದರ ಮೇಲೆ ಬೆರಳಾಡಿಸಿ ನೋಡಿದಳು. ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಟಾಫೆಟಾವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, "ಆದ್ರೆ ಈ ಸದ್ದು ನನಗೆ ಬೇಕು ಆಂಟಿ" ಅಂದಳು.

ಕೊನೆಗೆ ಹೀಗೆ ನಿರ್ಧಾರ ಆಯಿತು. ಮೈ ಮತ್ತು ಸ್ಕರ್ಟ್ ಮಿಕಾಡೊ. ತೋಳು, ಕುತ್ತಿಗೆಯ ಫ್ರಿಲ್, ಟ್ರೇನ್ ಮೂರೂ ಟಾಫೆಟಾ. ಟ್ರೇನ್ ಬೇರೆ, ಎಂಟು ಕೊಕ್ಕೆ. ನಡೆಯುವಾಗ ನೆಲದ ಮೇಲೆ ಸದ್ದು ಬರುವುದು ಟ್ರೇನಿನಿಂದಲೇ, ಅದು ಅವಳಿಗೆ ಸಿಕ್ಕ ಹಾಗಾಯಿತು. ಬಟ್ಟೆಗಳನ್ನು ಬಿಸಿಲಿಗೆ ಹಿಡಿದು ನೋಡಿದೆವು, ಮೊದಲು ತಂದಿದ್ದು ನಿಜವಾಗಿಯೂ ಹೊಂದುತ್ತಿರಲಿಲ್ಲ. ರೇಷ್ಮೆಗೂಡು ಅವರೇ, ನೀವು ಹೇಳದಿದ್ದರೆ ನಾನು ಅಂಗಡಿ ಲೈಟಲ್ಲೇ ತಗೊಂಡುಬಿಡುತ್ತಿದ್ದೆ.

ಇನ್ನೊಂದು. ಆನ್ ಲೋ ಕತೆಯನ್ನು ನಮ್ಮ ಹುಡುಗಿಯರಿಗೆ ಓದಿ ಹೇಳಿದೆ. ಮದುಮಗಳೂ ಅಲ್ಲೇ ಇದ್ದಳು. ಡಯಾನಾ ಗೌನಿನ ಸೊಂಟದ ಒಳಗೆ ಸಣ್ಣ ನೀಲಿ ಬೋ ಹೊಲಿದಿದ್ದರಂತೆ, ಹಾಗೆ ಇದರಲ್ಲೂ ನೀಲಿಯದ್ದು ಏನಾದರೂ ಬೇಕು ಅಂದಿದ್ದಳು ಮೊದಲೇ. ಈಗ ಬೋ ಬೇಡವಂತೆ. ಸೊಂಟದ ಪಟ್ಟಿಯ ಒಳಗೆ ನಮ್ಮ ಮೂವರ ಹೆಸರನ್ನು ನೀಲಿ ದಾರದಲ್ಲಿ ಕಸೂತಿ ಹಾಕಬೇಕಂತೆ. ನಮ್ಮ ಚಿಕ್ಕ ಹುಡುಗಿ ನಾಚಿಕೊಂಡು ಒಳಗೆ ಹೋದಳು. ಸಂಜೆ ನೋಡಿದರೆ ಹಳೆ ಬಟ್ಟೆ ತುಂಡಿನ ಮೇಲೆ ಕನ್ನಡದಲ್ಲಿ ತನ್ನ ಹೆಸರು ಹಾಕಿ ಹಾಕಿ ಅಭ್ಯಾಸ ಮಾಡುತ್ತಿದ್ದಳು.

ನಾಳೆ ಕೋರಾ ಬಟ್ಟೆಯಲ್ಲಿ ಮೊದಲ ಟ್ರಯಲ್.

ಧಾರವಾಡ_ಪೇಡೆ
ಫೋಟೋ ಹಾಕ್ರೀ ಆಮೇಲೆ. ಹುಡುಗಿಗೆ ನಮ್ಮೆಲ್ಲರ ಶುಭಾಶಯ ಹೇಳಿ.

ಕುಡ್ಲದ_ಸೂಜಿ
ಅವಳನ್ನು ಕೇಳಿ, ಒಪ್ಪಿದರೆ ಗೌನಿನದ್ದು ಮಾತ್ರ ಹಾಕುತ್ತೇನೆ. ಮುಖ ಬೇಡ.

ಗುಂಡಿ_ಕಾಜ
ಆ ನೀಲಿ ದಾರವನ್ನು ಹಾಕುವ ಮೊದಲು ಬಿಸಿನೀರಲ್ಲಿ ನೆನೆಸಿ ಒಂದು ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಡುವ ದಾರ ಆದರೆ ಜನವರಿ ಬೆವರಿಗೂ ಮಿಕಾಡೊಗೆ ಇಳಿಯುತ್ತೆ.